ಚಾಳೀಸಿನ ಚರಿತ್ರೆ

ವಸ್ತುಗಳಿಗೆ ಹೆಸರಿಡುವಾಗ ಲೋಕವು ಸಾಮಾನ್ಯವಾಗಿ ಅವುಗಳ ಆಕಾರವನ್ನಾಗಲಿ ಉಪಯೋಗವನ್ನಾಗಲಿ ನೋಡುವದುಂಟು. ಬಳಸುವವನ ವಯಸ್ಸನ್ನೇ ಹೆಸರಾಗಿ ಪಡೆದ ವಸ್ತುಗಳು ವಿರಳ. ಅಂಥವುಗಳಲ್ಲಿ ಬೆಳಗಾವಿ ಸೀಮೆಯ ‘ಚಾಳೀಸು’ ಒಂದು. ನಾಲ್ವತ್ತು ಎಂಬ ಅರ್ಥವುಳ್ಳ ‘ಚಾಳೀಸ’ ಶಬ್ದವೇ ಓದುವ ಕನ್ನಡಕಕ್ಕೆ ಹೆಸರಾಗಿ ನಿಂತಿದೆ. ‘ಅವನಿಗೆ ಚಾಳೀಸು ಬಂದಿತು’ ಎಂದರೆ ಹತ್ತಿರದ ಅಕ್ಷರ ಮಬ್ಬಾಯಿತೆಂದು ಅರ್ಥ. ‘ಚಾಳೀಸು ಹಾಕಿಕೊಂಡನು’ ಎಂದರೆ ಅದಕ್ಕೆ ಪರಿಹಾರವಾದ ಕನ್ನಡಕವನ್ನು ಧರಿಸಿದನೆಂದು ಅರ್ಥ. ಹೀಗೆ ವಯಸ್ಸು, ದೋಷ, ಪರಿಹಾರ ಮೂರನ್ನೂ ಒಂದೇ ಶಬ್ದವು ಹೊತ್ತಿದೆ. ಮರಾಠಿಯ ‘ಚಾಳಿಶಿ’ಯೂ ಇದೇ ಮಾದರಿಯದು. ತೆಲುಗರು ಈ ದೋಷವನ್ನು ‘ಚತ್ವಾರ’ವೆನ್ನುತ್ತಾರೆ, ಅದೂ ನಾಲ್ವತ್ತೇ. ತಮಿಳರು ಮಾತ್ರ ಸಂಖ್ಯೆಯನ್ನು ಬಿಟ್ಟು, ಅಕ್ಷರಗಳು ಬೆಳ್ಳಗಾಗಿ ತೋರುವದನ್ನೇ ಹಿಡಿದು, ಇದಕ್ಕೆ ‘ಬಿಳಿಯ ಬರಹ’ ಎಂಬರ್ಥದ ಹೆಸರನ್ನೂ ಇಟ್ಟುಕೊಂಡಿದ್ದಾರೆ.

ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳಿಬರುವ ಅನಗೋಳದಂಥ ಊರಿನಲ್ಲಿ ಈ ಎರಡು ಶಬ್ದಗಳು ಒಂದರ ಬದಿಗೆ ಒಂದು ಬಾಳುತ್ತಿವೆ. ಬೆಳಗಾವಿಯ ದಕ್ಷಿಣಕ್ಕಿರುವ ಅನಗೋಳವು ಮೊದಲು ಬೇರೆಯೇ ಹಳ್ಳಿಯಾಗಿದ್ದು ಈಗ ಮಹಾನಗರಪಾಲಿಕೆಯ ಮೇರೆಯೊಳಗೆ ಸೇರಿದೆ. ಅದರ ನೆರೆಯಲ್ಲಿ ವಡಗಾವಿ, ಶಹಾಪುರಗಳ ನೇಕಾರರ ಓಣಿಗಳು. ಇನ್ನೊಂದು ಮಗ್ಗುಲಿಗೆ ಟಿಳಕವಾಡಿ. ಮತ್ತೊಂದು ಕಡೆಗೆ ಉದ್ಯಮಬಾಗದ ಕಾರಖಾನೆಗಳು. ಮಗ್ಗದವನು, ಲೇಥಿನವನು, ಒಕ್ಕಲಿಗ, ಗುಮಾಸ್ತ, ಶಿಕ್ಷಕ ಹೀಗೆ ನಾನಾ ವೃತ್ತಿಯವರು ಇಲ್ಲಿ ಒಂದೇ ಹಾದಿಯಲ್ಲಿ ನಡೆಯುತ್ತಾರೆ. ನಾಲ್ವತ್ತು ದಾಟಿದ ಮೇಲೆ ಇವರೆಲ್ಲರೂ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಅಲ್ಲಿ ಅವರ ಮುಂದೆ ಬರುವ ಪ್ರಶ್ನೆ ಒಂದೇ: ದೂರ, ನಡುದೂರ, ಹತ್ತಿರ ಮೂರನ್ನೂ ತೋರಿಸುವ ಒಂದೇ ಕನ್ನಡಕವನ್ನು ಕೊಳ್ಳಬೇಕೋ, ಓದಿಗೆ ಬೇರೆಯೇ ಒಂದನ್ನು ಇಟ್ಟುಕೊಳ್ಳಬೇಕೋ? ಮೊದಲನೆಯದಕ್ಕೆ ಅಂಗಡಿಯವರು ‘ಪ್ರೋಗ್ರೆಸಿವ್’ ಎನ್ನುತ್ತಾರೆ. ಅದರ ಬೆಲೆ ಹೆಚ್ಚು. ಎರಡನೆಯದು ಹಳೆಯ ಚಾಳೀಸು. ಅದರ ಬೆಲೆ ಕಡಿಮೆ. ಬೆಲೆಯ ಹೆಚ್ಚು ಕಡಿಮೆಯಿಂದಲೇ ಗುಣದ ಹೆಚ್ಚು ಕಡಿಮೆಯನ್ನು ನಿರ್ಣಯಿಸುವದು ಮನುಷ್ಯಸ್ವಭಾವ. ಆದರೆ ಈ ವಿಷಯದಲ್ಲಿ ಆ ನಿರ್ಣಯವು ಸಲ್ಲದೆಂಬುದನ್ನು ಕನ್ನಡಕದ ಇತಿಹಾಸವೇ ತಿಳಿಸುತ್ತದೆ.

೧. ದೋಷದ ಸ್ವರೂಪ

ಹತ್ತಿರದ ದೃಷ್ಟಿ ಕುಂದುವದನ್ನು ನಮ್ಮ ಪ್ರಾಚೀನರು ಗಮನಿಸದೆ ಇರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸುತ್ತದೆ. ಅವುಗಳ ಪೈಕಿ ದೃಷ್ಟಿಯ ಎರಡನೆಯ ಪಟಲವು ಕೆಟ್ಟಾಗ ಕಾಣುವ ಲಕ್ಷಣಗಳನ್ನು ಹೇಳುವಲ್ಲಿ, ದೂರದ್ದು ಹತ್ತಿರವಾಗಿಯೂ ಹತ್ತಿರದ್ದು ದೂರವಾಗಿಯೂ ತೋರುವದೆಂದೂ, ಎಷ್ಟು ಪ್ರಯತ್ನಪಟ್ಟರೂ ಸೂಜಿಯ ಕಣ್ಣು ಕಾಣದೆಂದೂ ಆಚಾರ್ಯನು ವರ್ಣಿಸಿದ್ದಾನೆ. ಅವನು ಹೇಳಿದ ರೋಗವೂ ಇಂದಿನ ಚಾಳೀಸೂ ಸರ್ವಥಾ ಒಂದೇ ಎಂದು ಸಾಧಿಸುವ ಅಗತ್ಯವಿಲ್ಲ. ಸೂಜಿಯ ಕಣ್ಣನ್ನೇ ದೃಷ್ಟಿಯ ಒರೆಗಲ್ಲಾಗಿ ಹಿಡಿದನೆಂಬುದೇ ಗಮನಿಸತಕ್ಕ ಸಂಗತಿ. ಎಳೆಗಳನ್ನು ಎಣಿಸೆಣಿಸಿ ಹಾಕುವ ಕಸೂತಿಯ ನಾಡಿನಲ್ಲಿ ಈ ಒರೆಗಲ್ಲಿನ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಚಾಳೀಸು ವಾಸ್ತವವಾಗಿ ರೋಗವಲ್ಲ. ಕೂದಲು ನರೆಯುವಂತೆ ವಯೋಧರ್ಮ. ಕಣ್ಣಿನೊಳಗೆ ಪಾರದರ್ಶಕವಾದ ಒಂದು ಮಸೂರವುಂಟು. ಹತ್ತಿರದ ವಸ್ತುವನ್ನು ನೋಡುವಾಗ ಅದು ಉಬ್ಬುತ್ತದೆ; ದೂರದ್ದನ್ನು ನೋಡುವಾಗ ಚಪ್ಪಟೆಯಾಗುತ್ತದೆ. ಈ ಹೊಂದಾಣಿಕೆಯು ಮಸೂರದಿಂದಲೇ ಆಗುತ್ತದೆಂಬುದನ್ನು ಇಂಗ್ಲಂಡಿನ ಥಾಮಸ್ ಯಂಗ್ ೧೮೦೧ರಲ್ಲಿ ತೋರಿಸಿಕೊಟ್ಟನು. ಹಾಲಂಡಿನ ಡಾಂಡರ್ಸ್ ೧೮೬೪ರ ತನ್ನ ಗ್ರಂಥದಲ್ಲಿ ವಯಸ್ಸಿನೊಡನೆ ಈ ಶಕ್ತಿಯು ಇಳಿಯುವ ಕ್ರಮವನ್ನು ನಿರೂಪಿಸಿದನು. ವರುಷಗಳು ಕಳೆದಂತೆ ಮಸೂರವು ಗಡುಸಾಗುತ್ತ ಹೋಗಿ ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ.

ಇದರ ಲೆಕ್ಕವು ಸುಲಭವಾದುದು. ಒಂದು ಮೀಟರನ್ನು ನೋಡುವ ದೂರದಿಂದ ಭಾಗಿಸಿದರೆ ಬೇಕಾದ ಶಕ್ತಿ ಬರುತ್ತದೆ. ೧೮೭೨ರಲ್ಲಿ ಫ್ರಾನ್ಸಿನ ಮೊನೊಯೆ ಈ ಮಾನಕ್ಕೆ ‘ಡಯೊಪ್ಟರ್’ ಎಂದು ಹೆಸರಿಟ್ಟನು. ಅಂಗಡಿಯಲ್ಲಿ ‘ನಂಬರು’ ಎನ್ನುವದು ಇದನ್ನೇ. ೪೦ ಸೆಂಟಿಮೀಟರ್ ದೂರದ ಪುಸ್ತಕಕ್ಕೆ ೨.೫ ಡಯೊಪ್ಟರ್ ಬೇಕು. ೬೦ ಸೆಂಟಿಮೀಟರ್ ದೂರದ ಮಗ್ಗಕ್ಕೆ ೧.೭ ಸಾಕು. ಹತ್ತು ವರುಷದ ಬಾಲಕನ ಕಣ್ಣಿನಲ್ಲಿ ಹನ್ನೆರಡು ಡಯೊಪ್ಟರಿನಷ್ಟು ಶಕ್ತಿಯುಂಟು. ನಾಲ್ವತ್ತರ ಸುಮಾರಿಗೆ ಅದು ಐದರ ಆಸುಪಾಸಿಗೆ ಇಳಿಯುತ್ತದೆ. ಅರವತ್ತರಲ್ಲಿ ಒಂದು ಉಳಿದರೆ ಹೆಚ್ಚು. ಇದ್ದ ಶಕ್ತಿಯ ಅರ್ಧವನ್ನು ಮಾತ್ರ ಕಣ್ಣು ದಣಿಯದೆ ಬಹಳ ಹೊತ್ತು ಉಪಯೋಗಿಸಬಲ್ಲದೆಂಬುದು ನೇತ್ರಪರೀಕ್ಷಕರ ರೂಢಿಯ ಲೆಕ್ಕ. ಐದರ ಅರ್ಧ ಎರಡೂವರೆ. ಪುಸ್ತಕಕ್ಕೆ ಬೇಕಾದುದೂ ಎರಡೂವರೆ. ನಾಲ್ವತ್ತರ ಹೊಸ್ತಿಲಲ್ಲಿ ಆದಾಯವೂ ವೆಚ್ಚವೂ ಸಮವಾಗಿ, ಅಲ್ಲಿಂದಾಚೆಗೆ ಸಾಲ ಆರಂಭವಾಗುತ್ತದೆ. ಡಯೊಪ್ಟರಿನ ಹೆಸರನ್ನೇ ಕೇಳದ ಜನರು ಈ ದೋಷಕ್ಕೆ ನಾಲ್ವತ್ತರ ಹೆಸರಿಟ್ಟುದು ಎಷ್ಟು ನಿಖರವಾದ ಅನುಭವದಿಂದೆಂಬುದು ಇದರಿಂದ ವಿದಿತವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವದು ಯುಕ್ತ. ಕನ್ನಡಕ ಹಾಕಿದರೆ ಕಣ್ಣು ಅದಕ್ಕೆ ಒಗ್ಗಿ ಬೇಗ ಕೆಡುತ್ತದೆಂದು ಹೇಳಿ ಅನೇಕರು ವರುಷಗಟ್ಟಲೆ ತೋಳು ನೀಡಿ ಓದುತ್ತಾರೆ. ಹಾಕಿದರೂ ಹಾಕದಿದ್ದರೂ ಮಸೂರವು ತನ್ನ ಕಾಲಕ್ಕೆ ಗಡುಸಾಗಿಯೇ ತೀರುವದು. ಹಾಕದವನಿಗೆ ಲಾಭವಾಗುವದಿಲ್ಲ; ನಡುವಿನ ವರುಷಗಳ ಓದು, ಕೆಲಸಗಳು ಮಾತ್ರ ನಷ್ಟವಾಗುತ್ತವೆ.

೨. ಯತಿಗಳ ಉಪಲೋಚನ

ಕರ್ನಾಟಕದ ಇತಿಹಾಸದಲ್ಲಿ ಕನ್ನಡಕದ ಪ್ರವೇಶವು ಗೌರವಾಸ್ಪದವಾದ ಒಂದು ಸ್ಥಾನದಲ್ಲಿ ಆಗಿದೆ. ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ವಿರಾಜಿಸಿದ ವ್ಯಾಸತೀರ್ಥರ ಚರಿತ್ರವನ್ನು ಸೋಮನಾಥನೆಂಬ ಕವಿಯು ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪೂಕಾವ್ಯವಾಗಿ ಬರೆದನು. ಬಿ. ವೆಂಕೋಬರಾಯರು ಅದನ್ನು ಸಂಪಾದಿಸಿ ೧೯೨೬ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದರು. ಅದರಲ್ಲಿ ಯತಿವರ್ಯರು ಗ್ರಂಥವನ್ನು ಓದುವಾಗ ‘ಉಪಲೋಚನಗೋಲಕ’ವನ್ನು ಬಳಸುತ್ತಿದ್ದ ವರ್ಣನೆಯಿದೆ. ಲೋಚನವೆಂದರೆ ಕಣ್ಣು, ಉಪಲೋಚನವೆಂದರೆ ಕಣ್ಣಿನ ಬಳಿಯಲ್ಲಿದ್ದು ಕಣ್ಣಿಗೆ ನೆರವಾಗುವ ಕಣ್ಣು, ಗೋಲಕವೆಂದರೆ ದುಂಡನೆಯ ಬಿಲ್ಲೆ. ಹೊಸದಾಗಿ ಬಂದ ವಸ್ತುವಿಗೆ ಹಳೆಯ ಭಾಷೆಯಲ್ಲಿ ಇದಕ್ಕಿಂತ ಅನ್ವರ್ಥವಾದ ಹೆಸರು ದೊರೆಯುವದು ಕಷ್ಟ. ‘ಉಪನೇತ್ರ’, ‘ಸುಲೋಚನ’ ಎಂಬ ಹೆಸರುಗಳೂ ಇದೇ ಕುಲದವು. ನಮ್ಮ ‘ಕನ್ನಡಕ’ವಾದರೋ ಕನ್ನಡಿಯ ಬಳಗದ ಮಾತು.

ಪುಣೆಯ ಭಾಂಡಾರಕರ ಸಂಶೋಧನಮಂದಿರದ ಪಿ. ಕೆ. ಗೋಡೆಯವರು ೧೯೪೭ರಲ್ಲಿ, ೧೫೦೦ರಿಂದ ೧೮೦೦ರ ವರೆಗಿನ ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಕುರಿತು ಬರೆದ ಪ್ರಬಂಧದಲ್ಲಿ ಈ ಆಧಾರವನ್ನು ವಿಚಾರಿಸಿದ್ದಾರೆ. ಪೋರ್ತುಗೀಜರು ೧೫೧೦ರಲ್ಲಿ ಗೋವೆಯನ್ನು ಹಿಡಿದರು. ವಿಜಯನಗರದೊಡನೆ ಅವರಿಗೆ ವ್ಯಾಪಾರವೂ ರಾಯಭಾರವೂ ಇದ್ದವು. ಆದಕಾರಣ ಈ ಗೋಲಕಗಳು ಕಡಲ ದಾರಿಯಿಂದ ಬಂದವೆಂದು ಊಹಿಸುವದು ಸಂಗತವಾಗಿದೆ. ಕನ್ನಡಕವು ಭಾರತದಲ್ಲಿಯೇ ಹುಟ್ಟಿತೆಂಬ ಪಕ್ಷವೂ ೧೯೭೧ರಲ್ಲಿ ಮಂಡಿತವಾಗಿದೆ. ಆದರೆ ಯುರೋಪಿಗಿಂತ ಮೊದಲಿನ ನಿರ್ವಿವಾದವಾದ ಆಧಾರವು ಅದಕ್ಕೆ ಸಿಕ್ಕಿಲ್ಲ. ಅಭಿಮಾನಕ್ಕಾಗಿ ಇತಿಹಾಸವನ್ನು ಹಿಗ್ಗಿಸುವದು ಬೇಡ. ಕಡಲಾಚೆಯ ವಸ್ತುವೆಂದು ತಿರಸ್ಕರಿಸದೆ, ಶಾಸ್ತ್ರಪಾಠಕ್ಕೆ ಉಪಕಾರಿಯೆಂದು ಅದನ್ನು ಸ್ವೀಕರಿಸಿದ ಪಂಡಿತರ ವಿವೇಕವೇ ನಾಡಿಗೆ ಸಾಕಾದ ಹೆಮ್ಮೆ.

ಪ್ರಕೃತ ವಿಷಯಕ್ಕೆ ಬೇಕಾದ ಅಂಶವು ಇನ್ನೊಂದಿದೆ. ಆ ಉಪಲೋಚನವು ಓದಿಗೆಂದೇ ಇದ್ದಿತು. ಕಾವ್ಯವು ಅದನ್ನು ಗ್ರಂಥದೊಡನೆ ಸೇರಿಸಿ ಹೇಳುತ್ತದೆ. ಒಂದು ಕೆಲಸ, ಒಂದು ದೂರ, ಒಂದು ಗಾಜು. ಇದೇ ಚಾಳೀಸಿನ ಮೂಲರೂಪ.

೩. ಎರಡು ಒಂದಾದ ಬಗೆ

ಯುರೋಪಿನಲ್ಲಿಯೂ ಕನ್ನಡಕದ ಜನನವು ಓದಿಗಾಗಿಯೇ ಆಯಿತು. ೧೩೦೬ನೆಯ ಇಸವಿಯ ಫೆಬ್ರುವರಿಯಲ್ಲಿ ಇಟಲಿಯ ಜೊರ್ದಾನೊ ಎಂಬ ಕ್ರೈಸ್ತ ಸನ್ಯಾಸಿಯು ಮಾಡಿದ ಉಪದೇಶದಲ್ಲಿ, ಕನ್ನಡಕ ಮಾಡುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರುಷವಾಗಿಲ್ಲವೆಂಬ ಮಾತಿದೆ. ಅಂದರೆ ೧೨೮೬ರ ಸುಮಾರಿಗೆ ಅದರ ಆರಂಭ. ೧೩೫೨ರಲ್ಲಿ ತೊಮಾಸೊ ದಾ ಮೊದೆನನು ತ್ರೆವಿಜೊ ಪಟ್ಟಣದ ಮಠವೊಂದರ ಗೋಡೆಯ ಮೇಲೆ ಬರೆದ ಚಿತ್ರದಲ್ಲಿ, ಬರೆಯುತ್ತ ಕುಳಿತ ಒಬ್ಬ ಧರ್ಮಗುರುವಿನ ಮೂಗಿನ ಮೇಲೆ ಕನ್ನಡಕವಿದೆ. ವಯೋವೃದ್ಧರಾದ ಪಂಡಿತರೂ ಲಿಪಿಕಾರರೂ ತಮ್ಮ ವಿದ್ಯೆಯು ಪರಿಪಕ್ವವಾಗುವ ಕಾಲಕ್ಕೇ ಪುಸ್ತಕವನ್ನು ಬಿಡಬೇಕಾಗುತ್ತಿದ್ದ ದುಃಸ್ಥಿತಿಯು ಇದರಿಂದ ತಪ್ಪಿತು. ಮೊದಮೊದಲು ಇವು ಮೂಗನ್ನು ಹಿಡಿದು ನಿಲ್ಲುತ್ತಿದ್ದವು. ಹದಿನೆಂಟನೆಯ ಶತಮಾನದಲ್ಲಿ ಮಾತ್ರ ಕಿವಿಯ ಕಡೆಗೆ ಚಾಚುವ ಗಟ್ಟಿ ಕಡ್ಡಿಗಳು ಬಳಕೆಗೆ ಬಂದವು.

ಹೀಗೆ ಕನ್ನಡಕವು ಮೂಗಿನ ಮೇಲೆ ಸ್ಥಿರವಾದಾಗಲೇ ಹೊಸ ತೊಡಕು ಹುಟ್ಟಿತು. ದೂರದ ದೃಷ್ಟಿಯೂ ಕೆಟ್ಟು ಹತ್ತಿರದ್ದೂ ಕೆಟ್ಟವನು ಎರಡು ಕನ್ನಡಕಗಳನ್ನು ಹೊತ್ತು ತಿರುಗಬೇಕಾಯಿತು. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ತೊಡಕಿಗೆ ಕಂಡುಕೊಂಡ ಉಪಾಯವು ಪ್ರಸಿದ್ಧವಾಗಿದೆ. ಅವನು ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದಾಗ, ೧೭೮೫ರ ಮೇ ತಿಂಗಳಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಮಿತ್ರನಾದ ಜಾರ್ಜ್ ವಾಟ್ಲಿಗೆ ಇದನ್ನು ಚಿತ್ರಸಹಿತ ಬರೆದು ತಿಳಿಸಿದನು. ಪ್ರಯಾಣದಲ್ಲಿ ಒಮ್ಮೆ ಓದಬೇಕು, ಒಮ್ಮೆ ಹೊರಗಿನ ನೋಟವನ್ನು ನೋಡಬೇಕು. ಪದೇಪದೇ ಕನ್ನಡಕ ಬದಲಿಸುವದು ಅವನಿಗೆ ಬೇಸರವಾಯಿತು. ಎರಡೂ ಬಗೆಯ ಗಾಜುಗಳನ್ನು ಅಡ್ಡವಾಗಿ ಕತ್ತರಿಸಿ, ಮೇಲೆ ದೂರದ ಅರ್ಧವನ್ನೂ ಕೆಳಗೆ ಹತ್ತಿರದ ಅರ್ಧವನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿದನು. ಊಟದ ಪಂಕ್ತಿಯಲ್ಲಿ ತಟ್ಟೆಯನ್ನೂ ಎದುರಿಗೆ ಮಾತಾಡುವವರ ಮುಖವನ್ನೂ ಒಟ್ಟಿಗೆ ಕಾಣುವದರಿಂದ, ಅವರ ಮುಖಚಲನವನ್ನು ನೋಡಿ ಫ್ರೆಂಚ್ ಭಾಷೆಯು ತನಗೆ ಹೆಚ್ಚು ತಿಳಿಯುತ್ತದೆಂದೂ ಅವನು ವಿನೋದವಾಗಿ ಹೇಳಿದ್ದಾನೆ. ಇಲ್ಲಿ ಲಕ್ಷ್ಯವಿಡಬೇಕಾದುದು ಫ್ರಾಂಕ್ಲಿನ್ನನ ವೃತ್ತಿ. ಕ್ಷಣಕ್ಷಣಕ್ಕೆ ಮುಖದಿಂದ ಕಾಗದಕ್ಕೆ, ಕಾಗದದಿಂದ ಮುಖಕ್ಕೆ ದೃಷ್ಟಿಯನ್ನು ಹೊರಳಿಸುವ ರಾಯಭಾರಿಗೆ ಎರಡು ಗಾಜುಗಳ ಒಂದು ಕನ್ನಡಕವು ಒಪ್ಪಿತು. ದಿನವಿಡೀ ಒಂದೇ ದೂರವನ್ನು ನೋಡುವವನಿಗೆ ಆ ಕೂಡಿಕೆಯ ಅಗತ್ಯವಿರಲಿಲ್ಲ.

ಈ ‘ಬೈಫೋಕಲ್’ ಕನ್ನಡಕದಲ್ಲಿ ಎರಡು ಗಾಜುಗಳ ಗೆರೆಯನ್ನು ದೃಷ್ಟಿ ದಾಟುವಾಗ ಬಿಂಬವು ಥಟ್ಟನೆ ಹಾರಿದಂತೆ ತೋರುತ್ತದೆ. ದೂರ ಹತ್ತಿರಗಳ ನಡುವಿನ ಅಂತರದಲ್ಲಿ, ಅಂದರೆ ಮೊಳಕೈ ದೂರದಿಂದಾಚೆಗೆ, ಎರಡು ಗಾಜುಗಳೂ ಸರಿಯಾಗಿ ತೋರಿಸುವದಿಲ್ಲ. ಇಂಗ್ಲಂಡಿನ ಜಾನ್ ಐಸಾಕ್ ಹಾಕಿನ್ಸ್ ೧೮೨೦ರ ದಶಕದಲ್ಲಿ ಮೂರು ಭಾಗದ ಕನ್ನಡಕವನ್ನು ರಚಿಸಿ ಈ ಕೊರತೆಯನ್ನು ತುಂಬಲು ಯತ್ನಿಸಿದನು. ಗೆರೆಯೇ ಇಲ್ಲದೆ, ಮೇಲಿನಿಂದ ಕೆಳಕ್ಕೆ ಶಕ್ತಿಯು ಮೆಲ್ಲಮೆಲ್ಲನೆ ಏರುವ ಗಾಜಿನ ಕಲ್ಪನೆಯನ್ನು ಓವೆನ್ ಏವ್ಸ್ ಎಂಬವನು ೧೯೦೭ರಲ್ಲಿ ಹಕ್ಕುಪತ್ರದ ಮೂಲಕ ಪ್ರಕಟಿಸಿದನು. ಅದು ಮಾರುಕಟ್ಟೆಗೆ ಬರಲಿಲ್ಲ. ಫ್ರಾನ್ಸಿನ ಯಂತ್ರಶಿಲ್ಪಿಯಾದ ಬರ್ನಾರ್ ಮೆತನಾಜ್ ರಚಿಸಿದ ‘ವೆರಿಲಕ್ಸ್’ ೧೯೫೯ರಲ್ಲಿ ಮಾರಾಟಕ್ಕೆ ಬಂದ ಮೇಲೆ ಈ ಮಾದರಿಯು ಲೋಕದಲ್ಲಿ ನೆಲೆಗೊಂಡಿತು. ಇಂದಿನ ಪ್ರೋಗ್ರೆಸಿವ್ ಗಾಜುಗಳೆಲ್ಲ ಈ ಮನೆತನದವು.

೪. ಮಗ್ಗುಲಿನ ಮಬ್ಬು

ಎರಡರ ಕೆಲಸವನ್ನು ಒಂದು ಮಾಡಬೇಕಾದರೆ ಎಲ್ಲಿಯಾದರೂ ಬೆಲೆ ತೆರಬೇಕು. ಪ್ರೋಗ್ರೆಸಿವ್ ಗಾಜಿನಲ್ಲಿ ಆ ಬೆಲೆಯು ಮಗ್ಗುಲುಗಳಲ್ಲಿ ಅಡಗಿದೆ. ಗಾಜಿನ ಮಧ್ಯದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸ್ವಚ್ಛವಾದ ಕಾಲುದಾರಿಯುಂಟು. ಆ ದಾರಿಯ ಎಡಬಲಗಳಲ್ಲಿ ಬಿಂಬವು ಸೊಟ್ಟಾಗಿ ಮಬ್ಬಾಗುತ್ತದೆ. ಇದು ಕಾರಖಾನೆಯವರ ಅಲಕ್ಷ್ಯದಿಂದಾದುದಲ್ಲ, ರೇಖಾಗಣಿತದ ನಿಯಮ. ಜರ್ಮನಿಯ ಗಣಿತಜ್ಞ ಮಿಂಕ್ವಿಟ್ಸ್ ೧೯೬೩ರಲ್ಲಿ ಇದನ್ನು ಸಿದ್ಧಪಡಿಸಿ ತೋರಿಸಿದನು: ಮಧ್ಯರೇಖೆಯಲ್ಲಿ ಶಕ್ತಿಯು ಯಾವ ವೇಗದಿಂದ ಏರುತ್ತದೆಯೋ, ಮಧ್ಯದಿಂದ ಮಗ್ಗುಲಿಗೆ ಸರಿದಂತೆ ದೋಷವು ಅದರ ಎರಡು ಪಟ್ಟು ವೇಗದಿಂದ ಏರುತ್ತದೆ. ಓದಿನ ನಂಬರು ದೊಡ್ಡದಾದಷ್ಟೂ, ಚೌಕಟ್ಟು ಗಿಡ್ಡವಾಗಿ ದಾರಿಯು ಮೊಟಕಾದಷ್ಟೂ ಆ ಕಾಲುದಾರಿ ಇಕ್ಕಟ್ಟಾಗುತ್ತದೆ. ಹೆಚ್ಚು ಹಣ ತೆತ್ತರೆ ದೊರೆಯುವದು ಮಬ್ಬಿನ ಜಾಣತನದ ಹಂಚಿಕೆ; ಮಬ್ಬನ್ನು ಪೂರ್ಣವಾಗಿ ಕಳೆಯುವ ಗಾಜನ್ನು ಯಾವ ಬೆಲೆಗೂ ಮಾಡಲಾಗದು.

ಇದಕ್ಕೆ ಪ್ರತಿಯಾಗಿ ಓದಿಗೆಂದೇ ಮಾಡಿದ ಗಾಜಿನಲ್ಲಿ ಮೂಲೆಯಿಂದ ಮೂಲೆಯ ವರೆಗೆ ಒಂದೇ ಶಕ್ತಿ. ಕಣ್ಣು ಪುಟದ ಎಡದಿಂದ ಬಲಕ್ಕೆ ಸ್ವೇಚ್ಛೆಯಾಗಿ ಓಡಬಹುದು; ಮಲಗಿಯೂ ಒರಗಿಯೂ ಓದಬಹುದು. ಆದರೆ ತಲೆಯೆತ್ತಿ ದೂರ ನೋಡಿದ ಕೂಡಲೆ ಎಲ್ಲವೂ ಮಂಜು. ಅದನ್ನು ತೆಗೆಯಬೇಕು, ಇಡಬೇಕು, ಎಲ್ಲಿಟ್ಟೆನೆಂದು ಹುಡುಕಬೇಕು. ಒಂದರ ಗುಣವೇ ಇನ್ನೊಂದರ ದೋಷವಾಗಿರುವದರಿಂದ ಇವುಗಳಲ್ಲಿ ಉತ್ತಮಾಧಮಭಾವವನ್ನು ಕಲ್ಪಿಸುವದು ಅಸಾಧ್ಯ.

೫. ದುಡಿಮೆ ಮತ್ತು ನಡಿಗೆ

ಈ ಆಯ್ಕೆಯು ಕೇವಲ ಅನುಕೂಲದ ಮಾತಲ್ಲವೆಂಬುದಕ್ಕೆ ಇತ್ತೀಚಿನ ಶೋಧನೆಗಳೇ ಸಾಕ್ಷಿ. ಹತ್ತಿರದ ದೃಷ್ಟಿ ಕುಂದಿಯೂ ತಕ್ಕ ಕನ್ನಡಕ ದೊರೆಯದವರು ಜಗತ್ತಿನಲ್ಲಿ ೮೨ ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೧೯ರ ದೃಷ್ಟಿವರದಿಯಲ್ಲಿದೆ. ಅಸ್ಸಾಮದ ಚಹದ ತೋಟದಲ್ಲಿ ನಾಲ್ವತ್ತು ದಾಟಿದ ೭೫೧ ಕೂಲಿಕಾರರನ್ನು ಕುರಿತು ನಡೆದ ಒಂದು ಪರೀಕ್ಷೆಯ ಫಲವು ೨೦೧೮ರಲ್ಲಿ ಪ್ರಕಟವಾಯಿತು. ಹತ್ತಿರದ ಕನ್ನಡಕ ಪಡೆದವರು ಪಡೆಯದವರಿಗಿಂತ ಶೇಕಡಾ ೨೧.೭ರಷ್ಟು ಹೆಚ್ಚು ಎಲೆ ಕೊಯ್ದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೈಗೆಲಸದವರ ಮೇಲೆ ನಡೆದ, ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಓದುವ ಕನ್ನಡಕ ಪಡೆದವರ ಗಳಿಕೆಯು ಸುಮಾರು ಮೂರನೆಯ ಒಂದು ಪಾಲಿನಷ್ಟು ಏರಿತು. ಈ ಎರಡು ಕಡೆಗಳಲ್ಲಿಯೂ ಕೊಟ್ಟವು ಬೆಲೆಬಾಳುವ ಗಾಜುಗಳಲ್ಲ, ಸಾದಾ ಚಾಳೀಸುಗಳೇ.

ನಡಿಗೆಯ ಸಂಗತಿಯು ಇನ್ನೂ ಗಂಭೀರವಾಗಿದೆ. ಬೈಫೋಕಲ್ ಆಗಲಿ ಪ್ರೋಗ್ರೆಸಿವ್ ಆಗಲಿ, ಅದರ ಕೆಳಭಾಗವು ಓದಿನ ದೂರಕ್ಕೆ ಹೊಂದಿಸಿದ್ದು. ಮೆಟ್ಟಿಲು ಇಳಿಯುವವನು ಕಣ್ಣನ್ನು ಕೆಳಗೆ ಹೊರಳಿಸಿದರೆ ಆ ಭಾಗದ ಮೂಲಕವೇ ನೋಡುತ್ತಾನೆ. ಕಾಲಿನ ಹತ್ತಿರದ ನೆಲವು ಒಂದೂವರೆ ಮೀಟರ್ ದೂರದಲ್ಲಿರುವದರಿಂದ ಮೆಟ್ಟಿಲಿನ ಅಂಚು ಕರಗಿದಂತಾಗುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಇಂಥ ಬಹುದೃಷ್ಟಿಯ ಕನ್ನಡಕ ಧರಿಸುವ ವೃದ್ಧರು ಇತರರಿಗಿಂತ ಬೀಳುವ ಸಂಭವವು ಇಮ್ಮಡಿಗೂ ಮೇಲೆಂದು ಕಂಡುಬಂದಿತು. ಅದರ ಮುಂದುವರಿಕೆಯಾಗಿ ೬೦೬ ವೃದ್ಧರ ಮೇಲೆ ನಡೆದ, ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊರಗೆ ತಿರುಗಾಡುವಾಗ ಹಾಕಿಕೊಳ್ಳಲು ದೂರಕ್ಕೆ ಮಾತ್ರ ಬೇರೆ ಕನ್ನಡಕವನ್ನು ಕೊಟ್ಟರು. ಕ್ರಮವಾಗಿ ಹೊರಗೆ ಓಡಾಡುತ್ತಿದ್ದವರಲ್ಲಿ ಬೀಳುವಿಕೆಗಳು ಶೇಕಡಾ ೪೦ರಷ್ಟು ಇಳಿದವು. ಆದರೆ ಹೊರಗೆ ಹೋಗುವದೇ ಅಪರೂಪವಾಗಿದ್ದವರಲ್ಲಿ ಹೊರಗಿನ ಬೀಳುವಿಕೆಗಳು ಹೆಚ್ಚಿದವು. ಕನ್ನಡಕವನ್ನು ಬದಲಿಸುವ ರೂಢಿಯೇ ಅಂಥವರಿಗೆ ತೊಡಕಾಗಿರಬಹುದು. ಒಂದೇ ಉಪದೇಶವು ಎಲ್ಲ ವೃದ್ಧರಿಗೂ ಹೊಂದುವದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

೬. ಅನಗೋಳದ ಓಣಿಗಳಲ್ಲಿ

ಈ ಇತಿಹಾಸವನ್ನೂ ಲೆಕ್ಕವನ್ನೂ ಅನಗೋಳದ ಸುತ್ತಲಿನ ವೃತ್ತಿಗಳಿಗೆ ಹೊಂದಿಸಿ ನೋಡಿದರೆ ಆಯ್ಕೆಯ ಮಾರ್ಗವು ತಾನಾಗಿಯೇ ತೋರುವದು.

ಮೊದಲು ನೇಕಾರ. ಅವನ ದೃಷ್ಟಿಯು ಹಾಸಿನ ಎಳೆಗಳ ಮೇಲೆ, ಸೀರೆಯ ಅಗಲದುದ್ದಕ್ಕೂ, ಲಾಳಿಯೊಡನೆ ಎಡಬಲಕ್ಕೆ ಓಡುತ್ತಿರಬೇಕು. ಹರಿದ ಎಳೆಯನ್ನು ಹುಡುಕಿ ಗಂಟು ಹಾಕಬೇಕು. ಹಣಿಗೆಯಲ್ಲಿ ಎಳೆ ಪೋಣಿಸಬೇಕು. ಪ್ರೋಗ್ರೆಸಿವ್ ಗಾಜಿನ ಇಕ್ಕಟ್ಟಾದ ಕಾಲುದಾರಿಯು ಇಷ್ಟು ಅಗಲವಾದ ಹೊಲಕ್ಕೆ ಸಾಲದು. ಅವನಿಗೆ ಬೇರೆಯ ಕನ್ನಡಕವೇ ಲೇಸು. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಅಂಗಡಿಯಲ್ಲಿ ಪರೀಕ್ಷಿಸುವದು ಪುಸ್ತಕದ ದೂರಕ್ಕೆ. ಅರವತ್ತರ ನೇಕಾರನಿಗೆ ಪುಸ್ತಕಕ್ಕೆಂದು ಎರಡೂವರೆ ನಂಬರು ಕೊಟ್ಟರೆ, ಮೊಳವೂ ಗೇಣೂ ದೂರದಲ್ಲಿರುವ ಮಗ್ಗವು ಮಬ್ಬಾಗಿ, ಅವನು ಬೆನ್ನು ಬಗ್ಗಿಸಿ ಎಳೆಗಳ ಮೇಲೆ ಬೀಳಬೇಕಾಗುವದು. ಮಗ್ಗಕ್ಕೆ ಮಗ್ಗದ ನಂಬರನ್ನೇ ಕೇಳಿ ಪಡೆಯಬೇಕು.

ಉದ್ಯಮಬಾಗದ ಲೇಥಿನವನಿಗೆ ಮೂರು ದೂರಗಳುಂಟು: ಕೈಯಲ್ಲಿ ಹಿಡಿದ ವರ್ನಿಯರಿನ ಸೂಕ್ಷ್ಮ ಗೆರೆಗಳು, ತೋಳಿನಳತೆಯಲ್ಲಿ ತಿರುಗುವ ಕಬ್ಬಿಣ, ಆಚೆಗೆ ನಡೆದಾಡುವ ಮಂದಿ ಮತ್ತು ಯಂತ್ರಗಳು. ಇವನಿಗೆ ಪ್ರೋಗ್ರೆಸಿವ್ ಗಾಜು ಒಗ್ಗಿದರೆ ಉಪಕಾರಿ. ಯಾವ ಗಾಜಾದರೂ, ಕಬ್ಬಿಣದ ಕಿಡಿಯಿಂದ ಕಣ್ಣನ್ನು ಕಾಯುವ ಕನ್ನಡಕದ ಕೆಲಸವನ್ನು ಅದು ಮಾಡಲಾರದು. ಅದನ್ನು ಬೇರೆಯಾಗಿ ಧರಿಸಲೇಬೇಕು.

ಶಿಕ್ಷಕನೂ ಕಚೇರಿಯ ಗುಮಾಸ್ತನೂ ಫ್ರಾಂಕ್ಲಿನ್ನನ ವರ್ಗಕ್ಕೆ ಸೇರಿದವರು. ಕೈಯಲ್ಲಿ ಪುಸ್ತಕ, ಎದುರಿಗೆ ಮಕ್ಕಳು. ಮೇಜಿನ ಮೇಲೆ ಕಾಗದ, ಕಿಟಕಿಯ ಹೊರಗೆ ಅರ್ಜಿದಾರ. ಇಂಥವರು ಕ್ಷಣಕ್ಕೊಮ್ಮೆ ಕನ್ನಡಕ ಬದಲಿಸುವದು ದುಸ್ಸಾಧ್ಯ. ಪ್ರೋಗ್ರೆಸಿವ್ ಆಗಲಿ, ಬೆಲೆ ಕಡಿಮೆಯಾಗಿ ಓದಿನ ಭಾಗ ಅಗಲವಾಗಿರುವ ಬೈಫೋಕಲ್ ಆಗಲಿ ಅವರಿಗೆ ಯುಕ್ತ. ದಿನವಿಡೀ ಗಣಕಯಂತ್ರದ ಪರದೆಯ ಮುಂದೆ ಕುಳಿತುಕೊಳ್ಳುವವನು ಮಾತ್ರ ಆ ಪರದೆಯ ದೂರಕ್ಕೆ ತಕ್ಕ ಮತ್ತೊಂದನ್ನು ಮೇಜಿನ ಮೇಲಿಟ್ಟುಕೊಂಡರೆ ಕುತ್ತಿಗೆಗೆ ಸುಖ. ಇಲ್ಲವಾದರೆ ಗಾಜಿನ ಕೆಳಭಾಗದಿಂದ ಪರದೆಯನ್ನು ನೋಡಲು ಗದ್ದವನ್ನು ಎತ್ತಿ ಎತ್ತಿ ಕುತ್ತಿಗೆ ನೋಯುವದು. ಮೇಲಿನ ಹಲಗೆಯಿಂದ ಸಾಮಾನು ಇಳಿಸುವ ಅಂಗಡಿಕಾರನದೂ ಇದೇ ಪಾಡು: ಹತ್ತಿರದ ಚೀಟಿಯು ತಲೆಯ ಮೇಲಿದ್ದರೆ ಗಾಜಿನ ಕೆಳಭಾಗದಲ್ಲಿರುವ ಓದಿನ ಶಕ್ತಿಯು ಕೆಲಸಕ್ಕೆ ಬಾರದು.

ದೂರದ ದೃಷ್ಟಿ ಚೆನ್ನಾಗಿರುವ ಒಕ್ಕಲಿಗನಿಗೆ ಗದ್ದೆಯಲ್ಲಿ ಕನ್ನಡಕದ ಹಂಗಿಲ್ಲ. ಎಂದೋ ಒಮ್ಮೆ ಉತಾರವನ್ನೋ ಬ್ಯಾಂಕಿನ ಕಾಗದವನ್ನೋ ಓದಲು ಕಿಸೆಯಲ್ಲೊಂದು ಸಾದಾ ಚಾಳೀಸು ಇದ್ದರೆ ತೀರಿತು. ಗೋಡೆ ಕಟ್ಟುವ ಗೌಂಡಿ, ಏಣಿ ಹತ್ತುವವನು, ಗುಡಿಯ ಮೆಟ್ಟಿಲು ಇಳಿಯುವ ವೃದ್ಧ ಇವರು ನಡೆಯುವಾಗ ದೂರದ ಗಾಜನ್ನು ಮಾತ್ರ ಧರಿಸುವದು, ಅಥವಾ ಬಹುದೃಷ್ಟಿಯ ಗಾಜೇ ಇದ್ದರೆ ಕಣ್ಣನ್ನು ಹೊರಳಿಸದೆ ತಲೆಯನ್ನೇ ಬಗ್ಗಿಸಿ ಮೆಟ್ಟಿಲನ್ನು ನೋಡುವದು ಕ್ಷೇಮಕರ. ಮೊದಲಿನಿಂದ ಸಮೀಪದೃಷ್ಟಿಯುಳ್ಳವರಲ್ಲಿ ಕೆಲವರಿಗೆ ಮಾತ್ರ ಒಂದು ಭಾಗ್ಯವುಂಟು: ಎರಡು, ಎರಡೂವರೆ ನಂಬರಿನ ದೂರದ ಕನ್ನಡಕವನ್ನು ತೆಗೆದರೆ ಸಾಕು, ಪುಸ್ತಕವು ತಾನಾಗಿಯೇ ಕಾಣುವದು.

ಪ್ರೋಗ್ರೆಸಿವ್ ಗಾಜನ್ನು ಆರಿಸಿದವರು ಚೌಕಟ್ಟನ್ನು ಮೊದಲು ಮುಖಕ್ಕೆ ಹೊಂದಿಸಿಕೊಂಡು, ಅದು ಮುಖದ ಮೇಲಿರುವಾಗಲೇ ಎರಡೂ ಕಣ್ಣುಗಳ ಪಾಪೆಯ ನೇರವನ್ನು ಗುರುತು ಹಾಕಿಸಬೇಕು. ಎರಡು ಮಿಲಿಮೀಟರಿನ ವ್ಯತ್ಯಾಸವೂ ಕಾಲುದಾರಿಯನ್ನು ತಪ್ಪಿಸಬಲ್ಲದು. ಮೊದಲ ಒಂದೆರಡು ವಾರ ನೆಲ ತೇಲಿದಂತೆ ತೋರುವದು ಸಹಜ. ಆ ಬಳಿಕವೂ ತೋರಿದರೆ ಗುರುತನ್ನೂ ನಂಬರನ್ನೂ ಪುನಃ ಪರೀಕ್ಷಿಸತಕ್ಕ ಹಕ್ಕು ಕೊಂಡವನಿಗಿದೆ. ಸಂತೆಯಲ್ಲಿ ಸಿಗುವ ಸಿದ್ಧ ಚಾಳೀಸುಗಳಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರು ಇರುವದರಿಂದ ಎರಡೂ ಕಣ್ಣು ಸಮವಾಗಿರುವವರಿಗೆ ಅವು ತಾತ್ಕಾಲಿಕವಾಗಿ ಸಲ್ಲಬಹುದು. ಆದರೆ ಸಿದ್ಧ ಕನ್ನಡಕವು ಮೋತಿಬಿಂದುವನ್ನಾಗಲಿ, ಕಣ್ಣಿನ ಒತ್ತಡದಿಂದ ಸದ್ದಿಲ್ಲದೆ ದೃಷ್ಟಿಯನ್ನು ಕದಿಯುವ ಗ್ಲಾಕೋಮಾವನ್ನಾಗಲಿ, ಸಕ್ಕರೆ ಕಾಯಿಲೆಯಿಂದ ಕೆಡುವ ಕಣ್ಣಿನ ಪರದೆಯನ್ನಾಗಲಿ ಪರೀಕ್ಷಿಸುವದಿಲ್ಲ. ಆದಕಾರಣ ನಾಲ್ವತ್ತರಲ್ಲಿ ಒಮ್ಮೆ ವೈದ್ಯರಿಂದ ಪೂರ್ಣಪರೀಕ್ಷೆ ಮಾಡಿಸಿಕೊಳ್ಳುವದು, ಮುಂದೆ ಅವರು ಹೇಳಿದ ಕಾಲಕ್ಕೆ ಪುನಃ ಮಾಡಿಸುವದು ಎರಡು ಪಕ್ಷದವರಿಗೂ ಸಮಾನವಾದ ಕರ್ತವ್ಯ.

ಇಷ್ಟರಿಂದ ಫಲಿತವಾದ ಸಿದ್ಧಾಂತವು ಹೀಗಿದೆ. ಓಲೆಯ ಮುಂದೆ ಕುಳಿತ ಯತಿಗಳ ಗಾಜು ಓಲೆಯ ದೂರಕ್ಕೆ ಇದ್ದಿತು. ಪಂಕ್ತಿಯಲ್ಲಿ ಕುಳಿತ ರಾಯಭಾರಿಯ ಗಾಜು ತಟ್ಟೆಗೂ ಮುಖಕ್ಕೂ ಹೊಂದಿದ್ದಿತು. ಇಬ್ಬರೂ ತಮ್ಮ ಕೆಲಸವನ್ನು ನೋಡಿ ಗಾಜನ್ನು ಹೊಂದಿಸಿಕೊಂಡವರು. ಅಂಗಡಿಗೆ ಹೋಗುವ ಮುನ್ನ ಪ್ರತಿಯೊಬ್ಬನೂ ತಾನು ನಿತ್ಯ ದುಡಿಯುವ ಸ್ಥಳದಲ್ಲಿ ನಿತ್ಯದಂತೆ ಕುಳಿತು, ತನ್ನ ಕಣ್ಣಿನಿಂದ ಕೆಲಸದ ವರೆಗಿನ ದೂರವನ್ನು ಒಂದು ನೂಲಿನಿಂದ ಅಳೆದು, ಆ ನೂಲನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಹೋಗಲಿ. ಎರಡು ಮೂರು ಕೆಲಸಗಳಿದ್ದರೆ ಎರಡು ಮೂರು ನೂಲುಗಳಾಗಲಿ. ಅವು ಸರಿಸುಮಾರು ಒಂದೇ ಉದ್ದವಾಗಿದ್ದರೆ ಒಂದು ಸಾದಾ ಚಾಳೀಸು ಸಾಕು. ಉದ್ದಗಳು ಬೇರೆಬೇರೆಯಾಗಿದ್ದು ಒಂದರಿಂದ ಒಂದಕ್ಕೆ ದೃಷ್ಟಿಯು ಕ್ಷಣಕ್ಷಣಕ್ಕೂ ಹೊರಳುತ್ತಿದ್ದರೆ ಕೂಡಿಸಿದ ಗಾಜನ್ನು ವಿಚಾರಿಸಬಹುದು. ಒಂದೊಂದು ಕೆಲಸವೂ ತಾಸುಗಟ್ಟಲೆ ನಡೆಯುವದಾದರೆ ಒಂದೊಂದಕ್ಕೂ ಒಂದೊಂದು ಕನ್ನಡಕವಿಟ್ಟುಕೊಳ್ಳುವದರಲ್ಲಿ ನಾಚಿಕೆಯೇನೂ ಇಲ್ಲ. ನೇಕಾರರ ಓಣಿಗಳ ನೆರೆಯಲ್ಲಿರುವ ಊರಿನಲ್ಲಿ ಇದಕ್ಕೆ ಬೇಕಾದ ಒಂದು ಮೊಳ ನೂಲಿಗೆ ಕೊರತೆಯುಂಟಾಗದು.